ಹೋಂಡಾ ಸಿಟಿಯೊಳಗಿನ ಗದ್ದುಗೆ

ಕಲ್ಲೇಶಪ್ಪನ ತೊಂಬತ್ತೊಂಬತ್ತನೇ ಇಸವಿಯ ಹೋಂಡಾ ಸಿಟಿಗೆ ಓಬಳೇಶ್ ಮೂರು ತಿಂಗಳಿಂದ ಸಾಮಾನು ಹುಡುಕುತ್ತಿದ್ದ. ಬಾಗಿಲಿನ ಒಳಹಿಡಿ ಬಳ್ಳಾರಿಯ ಗುಜರಿಯಲ್ಲಿ ಸಿಕ್ಕಿತು. ಎ.ಸಿ. ಜಾಲರಿಯನ್ನು ದಾವಣಗೆರೆಯಲ್ಲಿ ಮೂತಿ ಜಜ್ಜಿಕೊಂಡು ಬಿದ್ದಿದ್ದ ಇನ್ನೊಂದು ಸಿಟಿಯಿಂದ ಬಿಚ್ಚಿ ತಂದ. ಬಾಗಿಲುಗಳ ಒಳಮೈಗೆ ಹೊಸ ರೆಕ್ಸಿನ್ ಹೊಲಿದು, ಅಂಚಿಗೆ ಮೊಳಕಾಲ್ಮೂರಿನ ಮಗ್ಗದವರ ರೇಷ್ಮೆ ತುಂಡಿನ ಪಟ್ಟಿ ಕೊಟ್ಟ. ನೆಲದ ಕಾರ್ಪೆಟ್ ಮಾತ್ರ ಎಲ್ಲೂ ಸಿಗಲಿಲ್ಲ. ಹಳೆಯದನ್ನು ಇಲಿಗಳು ತಿಂದಿದ್ದವು.

ಚಳ್ಳಕೆರೆಯಲ್ಲಿದ್ದ ಓಬಳೇಶನ ಕಾರು ರಿಪೇರಿ ಅಂಗಡಿಗೆ ಬಂದ ಕಲ್ಲೇಶಪ್ಪನೇ ದಾರಿ ತೋರಿಸಿದ.

"ನಿಮ್ಮವ್ವ ಕಂಬ್ಳಿ ನೇಯ್ತಾಳಲ್ಲ, ಅದನ್ನೇ ಹಾಸು ಲೇ. ಬೆಂಗ್ಳೂರೋರು ನೋಡಿ ಬಾಯಿ ಬಿಡ್ಬೇಕು."

"ಕರಿ ಕಂಬ್ಳಿ ಸಾವ್ಕಾರ್ರೇ. ಹಾಸಿದ್ರೆ ದೇವ್ರ ಗದ್ದುಗೆ ಆಗ್ತೈತೆ. ಚಪ್ಲಿ ಕಾಲು ಇಡಂಗಿಲ್ಲ. ಅದರ ಮ್ಯಾಲೆ ಸುಳ್ಳು ಹೇಳಂಗಿಲ್ಲ."

"ಕಾರಿನಾಗೆ ಎಂಥಾ ಗದ್ದುಗೆಲೇ? ಹಾಸು ಸುಮ್ನೆ."

ಓಬಳೇಶನ ಅವ್ವ ಜುಂಜಮ್ಮ ಮೂರು ಕಂಬಳಿ ಕೊಟ್ಟಳು, ಕತ್ತರಿ ಮಾತ್ರ ತಾಗಿಸಬೇಡ ಎಂದಳು. ಅವನು ತಾಗಿಸಲಿಲ್ಲ. ಮುಂದೆ ಎರಡು, ಹಿಂದೆ ಒಂದು, ಮಡಚಿ ಮಡಚಿ ಕೂರಿಸಿದ.

ಕಲ್ಲೇಶಪ್ಪನಿಗೆ ಕಾರು ಬೇಗ ಬೇಕಿತ್ತು. ಸಿದ್ದಾಪುರದ ಗುಡ್ಡದ ಕೆಳಗಿನ ಹುಲ್ಲುಗಾವಲನ್ನು ಒಂದು ಸೋಲಾರ್ ಕಂಪನಿಗೆ ಕೊಡಿಸಲು ಅವನು ಓಡಾಡುತ್ತಿದ್ದ. ಅಲ್ಲಿ ಯಾರ ಕುರಿಯೂ ಮೇಯುವುದಿಲ್ಲವೆಂದು ಕುರಿಯವರೇ ತಾಲ್ಲೂಕು ಕಚೇರಿಯಲ್ಲಿ ಹೇಳಿಕೆ ಕೊಡಬೇಕಿತ್ತು. ಕುದಾಪುರದ ಕಡೆ ಸರ್ಕಾರಿ ಸಂಸ್ಥೆಗಳ ಬೇಲಿಗಳು ಎದ್ದ ಮೇಲೆ ಓಬಳೇಶನ ಅಪ್ಪ ಚಿಕ್ಕೀರಪ್ಪನ ಕುರಿಗಳಿಗೆ ಉಳಿದಿದ್ದು ಅದೊಂದೇ ಹುಲ್ಲು. ಆದರೆ ಅವು ಕುಡಿಯುವ ನೀರು ಕಲ್ಲೇಶಪ್ಪನ ಬೋರಿನದು. ಬಂದು ಹೇಳದಿದ್ದರೆ ನೀರು ಬಂದ್ ಎಂದಿದ್ದ. ಚಿಕ್ಕೀರಪ್ಪ ಬರುತ್ತೇನೆಂದು ಒಪ್ಪಿದ್ದ.

ಶುಕ್ರವಾರ ಕಲ್ಲೇಶಪ್ಪನೇ ಕಾರು ಓಡಿಸಿಕೊಂಡು ಸಿದ್ದಾಪುರಕ್ಕೆ ಬಂದ. ಹೊಸದಾಗಿ ಜೋಡಿಸಿದ ಬಾಗಿಲು ಕಿರುಗುಟ್ಟಿದರೆ ನೋಡಲೆಂದು ಪಕ್ಕದಲ್ಲಿ ಬರಿಗಾಲಿನ ಓಬಳೇಶನನ್ನು ಕೂರಿಸಿಕೊಂಡಿದ್ದ. ಚಿಕ್ಕೀರಪ್ಪ, ಅವನ ಜೊತೆಯ ಕುರಿಗಾರ ಯತ್ತಪ್ಪ ಹಿಂದಿನ ಬಾಗಿಲು ತೆಗೆದು ಒಳಗೆ ನೋಡಿದರು. ಇಬ್ಬರೂ ಚಪ್ಪಲಿ ಬಿಟ್ಟು, ಕಂಬಳಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಚಪ್ಪಲಿ ಊರಲ್ಲೇ ಉಳಿದವು.

ಮೊಳಕಾಲ್ಮೂರಿನ ಕಚೇರಿ ಮುಂದೆ ಕಾರು ನಿಂತಿತು. ಮಧ್ಯಾಹ್ನ ಒಂದು ಗಂಟೆ.

"ಇಳೀರಿ," ಅಂದ ಕಲ್ಲೇಶಪ್ಪ.

ಯತ್ತಪ್ಪ ಒಂದು ಕಾಲು ಹೊರಗಿಟ್ಟು ಒಳಗೆ ಎಳೆದುಕೊಂಡ. "ಟಾರು ಸುಡ್ತೈತೆ ಸಾವ್ಕಾರ್ರೇ. ಹಂಚು ಕಾದಂಗೈತೆ."

"ಥೂ ನಿಮ್ಮ!"

ಕಲ್ಲೇಶಪ್ಪ ಒಳಗೆ ಹೋಗಿ ಗುಮಾಸ್ತ ಏಕಾಂತಪ್ಪನನ್ನೇ ಕರೆತಂದು, ತಾನು ಮತ್ತೆ ಸ್ಟೇರಿಂಗ್ ಹಿಡಿದು ಕೂತ. ಏಕಾಂತಪ್ಪ ಕಾರಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟುಕೊಂಡ. ಬಾನೆಟ್ಟು ಕಾದಿತ್ತು, ಹಾಳೆಯ ಕೆಳಗೊಂದು ಫೈಲು ಇಟ್ಟ.

"ಆ ಹುಲ್ಲುಗಾವಲಲ್ಲಿ ಕುರಿ ಮೇಯ್ಸೋರು ಯಾರೂ ಇಲ್ಲ, ಹೌದೇನಪ್ಪಾ?"

ಚಿಕ್ಕೀರಪ್ಪ ತನ್ನ ಕಾಲು ನೋಡಿಕೊಂಡ. ಓಬಳೇಶ್ ಕನ್ನಡಿಯಲ್ಲಿ ಅಪ್ಪನನ್ನು ನೋಡಿದ.

"ನಾನು ಮೇಯಿಸ್ತೀನಿ ಸ್ವಾಮಿ. ಎಪ್ಪತ್ತೆರಡು ಕುರಿ. ನಮ್ಮ ತಾತನೂ ಅಲ್ಲೇ ಮೇಯಿಸ್ತಿದ್ದ."

"ನನ್ನವು ನಲವತ್ತು," ಅಂದ ಯತ್ತಪ್ಪ. "ಒಂದು ಕುಂಟು."

"ಲೇ ಚಿಕ್ಕೀರಪ್ಪ! ಕಾರು ಹತ್ತೋವಾಗ ಏನಂದಿದ್ದೆ?"

"ಕಾರು ಹತ್ತೋಕೆ ಮುಂಚೆ ಅಂದಿದ್ದು ಸಾವ್ಕಾರ್ರೇ. ಇಲ್ಲಿ ಕಂಬ್ಳಿ ಹಾಸೈತೆ. ಏನ್ ಮಾಡ್ಲಿ?"

ಏಕಾಂತಪ್ಪ ಬರೆಯುತ್ತಲೇ ಇದ್ದ. ಚಿಕ್ಕೀರಪ್ಪ ಅವನನ್ನು ತಡೆದ. "ಇನ್ನೊಂದು ಬರ್ಕಳಿ ಸ್ವಾಮಿ. ಬಂದು ಹೇಳದಿದ್ರೆ ಕುರಿ ನೀರು ಬಂದ್ ಮಾಡ್ತೀನಿ ಅಂದಿದ್ರು ಸಾವ್ಕಾರ್ರು."

ಏಕಾಂತಪ್ಪ ಮುಂದಿನ ಕಿಟಕಿಗೆ ಬಗ್ಗಿದ. "ಹಂಗಂದಿದ್ರಾ ನೀವು?"

ಕಲ್ಲೇಶಪ್ಪ ಬಾಯಿ ತೆರೆದ. ಹಿಂದಿನಿಬ್ಬರೂ, ಓಬಳೇಶನೂ ಅವನ ಚಪ್ಪಲಿ ನೋಡುತ್ತಿದ್ದರು. ಕರಿ ಕಂಬಳಿಯ ಮೇಲೆ ಅವು ಹೊಳೆಯುತ್ತಿದ್ದವು. ಅವನು ತೆರೆದ ಬಾಯಿ ಮುಚ್ಚಿ, ಬಾಗಿಲು ತೆಗೆದು, ಎರಡೂ ಕಾಲನ್ನು ಹೊರಗೆ ಇಳಿಬಿಟ್ಟು, ಬೀದಿಯ ಕಡೆ ಮುಖ ಮಾಡಿದ. ಬಾಗಿಲು ಕಿರುಗುಟ್ಟಲಿಲ್ಲ.

ಏಕಾಂತಪ್ಪ ಕಚೇರಿಯ ಕನ್ನಡದಲ್ಲಿ ನಿಧಾನವಾಗಿ ಬರೆದ: "ಸದರಿ ವ್ಯಕ್ತಿಯು ಕಾಲುಗಳನ್ನು ವಾಹನದಿಂದ ಹೊರಗಿಟ್ಟು, ಉತ್ತರಿಸಲು ನಿರಾಕರಿಸಿರುತ್ತಾರೆ."