ಕೆಡಲೊಲ್ಲದ ಚಾಕು

ಒಳ್ಳೆಯ ಸಾಮಾನು ಕೊಂಡವರು ಅದು ನೂರು ವರ್ಷ ಬಾಳಲಿ ಅನ್ನುತ್ತಾರೆ. ಆನೆಕೊಂಡದ ಯಲ್ಲಕ್ಕ ಮಾತ್ರ ತಾನೇ ಕೈಯಾರೆ ಕೊಂಡ ಚಾಕು ಕೆಟ್ಟುಹೋಗಲಿ ಎಂದು ವರ್ಷಗಟ್ಟಲೆ ದೇವರಿಗೆ ಹರಕೆ ಹೊತ್ತಳು. ಹುಚ್ಚಿ ಅಂದುಕೊಳ್ಳಬೇಡಿ. ದಾವಣಗೆರೆಯ ಹತ್ತಿ ಜಿನ್ನಿನಲ್ಲಿ ಅರಳೆ ಆಯುವ ಮೂವತ್ತು ಹೆಂಗಸರನ್ನು ಬರೀ ಕಣ್ಣಲ್ಲೇ ಹದ್ದುಬಸ್ತಿನಲ್ಲಿ ಇಟ್ಟಿದ್ದವಳು ಅವಳು. ಮಾಲೀಕನೇ ಅವಳೆದುರು ದನಿ ತಗ್ಗಿಸಿ ಮಾತಾಡುತ್ತಿದ್ದ.

ಯಲ್ಲಕ್ಕನ ಗಂಡ ಮದುವೆಯಾದ ಎರಡನೇ ವರ್ಷಕ್ಕೇ ತೀರಿಕೊಂಡ. ಅದರ ಬೆನ್ನಿಗೇ ತಾಯಿಯೂ ಹೋದಳು. ಉಳಿದವನು ಐದು ವರ್ಷದ ತಮ್ಮ ಬೊಮ್ಮಣ್ಣ ಒಬ್ಬನೇ. ಅವನನ್ನು ಕಂಕುಳಲ್ಲಿ ಇಟ್ಟುಕೊಂಡೇ ಅರಳೆ ಆಯ್ದಳು, ಅರಳೆಯ ರಾಶಿಯ ಮೇಲೇ ಮಲಗಿಸಿದಳು, ಕನ್ನಡ ಸಾಲೆಗೆ ನಾಲ್ಕು ಕ್ಲಾಸು ಕಳಿಸಿದಳು. ಹತ್ತೊಂಬತ್ತಕ್ಕೆ ಅವನಿಗೆ ನೂಲಿನ ಗಿರಣಿಯಲ್ಲಿ ಕೆಲಸ ಸಿಕ್ಕಿತು. ರೋಲರಿಗೆ ಸುತ್ತಿಕೊಂಡ ನೂಲು ಕೊಯ್ಯಲು ಚಾಕು ಬೇಕೆಂದ. ಯಲ್ಲಕ್ಕ ಅವತ್ತೇ ಅವನನ್ನು ಕರೆದುಕೊಂಡು ಮಂಡಿಪೇಟೆಗೆ, ಹಾಲೇಶಪ್ಪನ ಕಬ್ಬಿಣದ ಅಂಗಡಿಗೆ ಹೋದಳು.

"ಅಗ್ಗದ್ದು ತೋರಿಸಬ್ಯಾಡ್ರಿ ಸಾವ್ಕಾರ್ರೆ. ನಮ್ಮ ಹುಡುಗನ ಮೊದಲ್ನೇ ಕೆಲಸ," ಅಂದಳು.

ಹಾಲೇಶಪ್ಪ ಕಪಾಟಿನಿಂದ ಒಂದು ಮಡಚುಚಾಕು ತೆಗೆದ. ಕರೀ ಕೊಂಬಿನ ಹಿಡಿ, ಅದರ ಮೇಲೆ ಹಿತ್ತಾಳೆಯ ನವಿಲು. ಬಿಚ್ಚಿದರೆ ಟಕ್ ಅಂತು, ಮಡಚಿದರೂ ಟಕ್ ಅಂತು. "ಬೊಂಬಾಯಿ ಕಾರ್ಖಾನೆ ಮಾಲು. ಅಲಗಿನ ಬುಡದಾಗೆ ನಂಬರು ಕೆತ್ತ್ಯಾರೆ ನೋಡ್ರಿ, ನಾಲ್ಕು ಸಾವಿರದ ನೂರಾ ಎಪ್ಪತ್ತೆರಡು. ಜೀವ ಇರೋತನಕ ಗ್ಯಾರಂಟಿ. ಏನಾರ ಆದ್ರೆ ಬೊಂಬಾಯಿಗೆ ಕಳಿಸ್ರಿ, ಪುಕ್ಕಟೆ ರಿಪೇರಿ ಮಾಡಿ ವಾಪಸ್ ಕಳಿಸ್ತಾರೆ. ಆದ್ರೆ ಏನೂ ಆಗಂಗಿಲ್ಲ ಬಿಡ್ರಿ!" ಗ್ಯಾರಂಟಿ ಕಾರ್ಡಿನಲ್ಲಿ ಕೊಂಡವರ ಹೆಸರು, ಊರು ಬರೆದ. ಕೊಂಡವಳು ಯಲ್ಲಕ್ಕ, ಹಾಗಾಗಿ ಅವಳ ಹೆಸರೇ ಬಿತ್ತು. ಕಾರ್ಡಿನ ಅರ್ಧ ಬೊಂಬಾಯಿಗೆ ಹೋಯಿತು, ಅರ್ಧ ಅವಳ ಸೀರೆಯ ಸೆರಗಿನ ಗಂಟಿಗೆ ಬಂತು.

ಮನೆಗೆ ಬಂದು ಯಲ್ಲಕ್ಕ ಚಾಕನ್ನು ಜಗಲಿಯ ಮೇಲಿಟ್ಟಳು. ಅವಳ ಕೈ ಬಿಟ್ಟ ಮೇಲೆ ಬೊಮ್ಮಣ್ಣ ಎತ್ತಿಕೊಂಡ. ಕುಡುಗೋಲಾಗಲಿ, ಈಳಿಗೆಯಾಗಲಿ, ಬಾಯಿರುವ ಕಬ್ಬಿಣವನ್ನು ಆ ಮನೆಯಲ್ಲಿ ಯಾರೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ನಂಟು ಕೊಯ್ದುಹೋಗುತ್ತದೆ ಎಂದು ಅವರಮ್ಮ ಹೇಳಿದ್ದಳು, ಅವಳಿಗೆ ಅವರಜ್ಜಿ ಹೇಳಿದ್ದಳು. ನಂಟು ಕಡಿದುಕೊಳ್ಳಬೇಕು ಅನ್ನುವವರು ಮಾತಾಡದೆ ಹಾಗೆ ಕೈಗೆ ಕೊಟ್ಟುಬಿಡುತ್ತಿದ್ದದ್ದೂ ಉಂಟಂತೆ.

ಆ ಒಂದು ವರ್ಷದ ಸಂಜೆಗಳನ್ನು ಯಲ್ಲಕ್ಕ ಆಮೇಲೆ ಜೀವಮಾನವೆಲ್ಲ ನೆನೆದಳು. ಗಿರಣಿಯಿಂದ ಬಂದವನೇ ಬೊಮ್ಮಣ್ಣ ಚಕ್ಕಂಬಕ್ಕಲು ಹಾಕಿ ಕೂತು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದ, ಚಾಕು ನೆಲಕ್ಕಿಡುತ್ತಿದ್ದ. ಅವಳು ಎತ್ತಿಕೊಂಡು ನಿಂಬೆಹಣ್ಣು ಹೋಳು ಮಾಡುತ್ತಿದ್ದಳು. ಈರುಳ್ಳಿಯ ಖಾರಕ್ಕೆ ಕಣ್ಣೀರು ಸುರಿಸುತ್ತ, "ಅಕ್ಕ, ನಿನ್ನ ಮಾತಿಗಿಂತ ಈರುಳ್ಳಿನೇ ವಾಸಿ," ಎಂದು ಅವನು ಕೆಣಕುತ್ತಿದ್ದ. ಅವಳು ತಲೆಗೊಂದು ಮೊಟಕುತ್ತಿದ್ದಳು.

ಕೆಟ್ಟದ್ದು ಮದುವೆಯ ಮಾತಿನಿಂದ. ಯಲ್ಲಕ್ಕ ಮಲೆಬೆನ್ನೂರು ಕಡೆಯ ಹೆಣ್ಣೊಂದನ್ನು ನೋಡಿ, ಅವನನ್ನು ಒಂದು ಮಾತೂ ಕೇಳದೆ ಹಿರಿಯರನ್ನು ಕರೆಸಿದಳು. ಎಲೆ ಅಡಿಕೆ ಹಿಡಿಯುವ ಹೊತ್ತಿಗೆ ಬೊಮ್ಮಣ್ಣ ಎದ್ದು ನಿಂತು, "ನನಗೆ ಈ ಮದುವಿ ಬ್ಯಾಡ," ಅಂದುಬಿಟ್ಟ. ಯಲ್ಲಕ್ಕನ ಕೈ ಮಾತಿಗಿಂತ ಮುಂಚೆ ಎದ್ದಿತು. ಹತ್ತು ಜನರ ಎದುರು ಅವನ ಕೆನ್ನೆಗೆ ಬಾರಿಸಿದಳು.

ಮಾರನೇ ಬೆಳಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. "ಅಕ್ಕ, ಚಾಕು ಎಲ್ಲೈತೆ?" ಎಂದ. ಅವಳ ಸಿಟ್ಟು ಇಳಿದಿರಲಿಲ್ಲ. ಗೂಡಿನಲ್ಲಿದ್ದ ಚಾಕನ್ನು ಹಿಟ್ಟಿನ ಕೈಯಲ್ಲೇ ತೆಗೆದು ಅವನ ಅಂಗೈಗೆ ಒತ್ತಿ, "ತಗಾ! ಹೋಗು ಅತ್ಲಾಗೆ," ಅಂದವಳೇ ಒಲೆಯ ಕಡೆ ತಿರುಗಿದಳು. ಅವನು ಅಂಗೈಯನ್ನೇ ನೋಡುತ್ತ ನಿಂತದ್ದು, ಆಮೇಲೆ ಅಕ್ಕನ ಬೆನ್ನನ್ನು ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಸಂಜೆ ಮಂಡಕ್ಕಿ ತೆಗೆದಿಟ್ಟು ಕಾಯುತ್ತ ಕೂತಾಗಲೇ ತನ್ನ ಕೈ ಏನು ಮಾಡಿತೆಂಬುದು ಅವಳಿಗೆ ನೆನಪಾದದ್ದು. ಬೊಮ್ಮಣ್ಣ ಆ ರಾತ್ರಿ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ಅವನು ಹರಿಹರದ ಸೇತುವೆ ದಾಟಿ ನಡೆದುಹೋಗುತ್ತಿದ್ದದ್ದನ್ನು ಕಂಡೆ ಎಂದು ಯಾರೋ ಹೇಳಿದರು. ಅದು ಐವತ್ತೊಂದನೇ ಇಸವಿ.

ಯಲ್ಲಕ್ಕ ಹುಬ್ಬಳ್ಳಿಯ ಗಿರಣಿಗಳಲ್ಲಿ ವಿಚಾರಿಸಿದಳು. ಅಮಾವಾಸ್ಯೆಗೊಮ್ಮೆ ಹರಿಹರಕ್ಕೆ ಹೋಗಿ, ಹೊಳೆಯಲ್ಲಿ ಕಾಲು ತೊಳೆದು, ಸೇತುವೆಯ ಮೇಲೆ ನಿಂತು ಬರುವವರ ಮುಖ ನೋಡುತ್ತಿದ್ದಳು. ಒಂದು ದಿನ ಮಂಡಿಪೇಟೆಗೆ ಹೋದವಳು ಸುಮ್ಮನೆ ಕೇಳಿದಳು: "ಸಾವ್ಕಾರ್ರೆ, ನಮ್ಮ ಬೊಮ್ಮಣ್ಣ ಏನಾರ ಚಾಕು ರಿಪೇರಿಗೆ ಅಂತ ಬಂದಿದ್ನೇನು?"

"ಇಲ್ಲಿಗ್ಯಾಕ ಬರ್ತಾನೆ? ಸೀದಾ ಬೊಂಬಾಯಿಗೇ ಕಳಿಸಬೇಕಲ್ಲ," ಅಂದವನು ಹಾಗೇ ತಡೆದ. "ಕೂಡ್ರಿ ಯಲ್ಲಕ್ಕ. ಆ ಹುಡುಗ ಎಲ್ಲಿದ್ರೂ ಚಾಕು ಜೇಬಿನಾಗೆ ಇರ್ತೈತೆ. ಅದು ಕೆಟ್ಟ ದಿನ ಬೊಂಬಾಯಿಗೆ ಹೋಗ್ತೈತೆ. ಒಂದು ಕಾಗದ ಹಾಕಿ ನೋಡಣ."

ಹಾಲೇಶಪ್ಪ ತನಗೆ ಬಂದ ಇಂಗ್ಲಿಷಿನಲ್ಲಿ ಬರೆದ: ಈ ನಂಬರಿನ ಚಾಕು ರಿಪೇರಿಗೆ ಬಂದರೆ ಕಳಿಸಿದವರ ಊರು ತಿಳಿಸಿ, ಅಕ್ಕ ಒಬ್ಬಳು ಕಾದಿದ್ದಾಳೆ. ಇಪ್ಪತ್ತು ದಿನಕ್ಕೆ ಉತ್ತರ ಬಂತು. ಗ್ಯಾರಂಟಿ ವಿಭಾಗದ ಗುಮಾಸ್ತ ಸಾಠೆ ಎಂಬುವನ ಸಹಿ. ಗಿರಾಕಿಗಳ ವಿಳಾಸವನ್ನು ಬೇರೆಯವರಿಗೆ ಕೊಡುವ ಪದ್ಧತಿ ಕಂಪನಿಯಲ್ಲಿ ಇಲ್ಲ, ಆದರೂ ನಂಬರನ್ನು ನನ್ನ ಮೇಜಿನ ಮೇಲೆ ಬರೆದಿಟ್ಟುಕೊಂಡಿದ್ದೇನೆ, ಚಾಕು ಈವರೆಗೆ ಬಂದಿಲ್ಲ ಎಂದಿತ್ತು. ಅಂದಿನಿಂದ ವರ್ಷಕ್ಕೊಂದು ಕಾಗದ ಹೋಯಿತು, ವರ್ಷಕ್ಕೊಂದು ಬಂತು. ಬಂದಿಲ್ಲ. ಬಂದಿಲ್ಲ. ನಾಲ್ಕನೇ ವರ್ಷ ಪಾಪ ಆ ಸಾಠೆಗೇ ಸಂಕಟವಾಗಿರಬೇಕು, "ನಮ್ಮ ಚಾಕು ಇಷ್ಟು ಗಟ್ಟಿಯಾಗಿರುವುದಕ್ಕೆ ಕ್ಷಮೆ ಇರಲಿ" ಎಂದು ಬರೆದಿದ್ದ.

ಹಾಲೇಶಪ್ಪ ಓದಿ ಹೇಳಿದಾಗ ಯಲ್ಲಕ್ಕ ಸಿಡುಕಿದಳು. "ಹಾಳಾಗಿ ಹೋಗ್ಲಿ, ಎಂಥ ಚಾಕು ಮಾಡ್ಯಾರ್ರಿ! ಒಂದೀಟು ಕಳಪೆ ಮಾಲು ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನೀನೇ ಅಲ್ಲೇನವ್ವ ಅಗ್ಗದ್ದು ಬ್ಯಾಡ ಅಂದಿದ್ದು," ಎಂದ ಹಾಲೇಶಪ್ಪ. ಇಬ್ಬರೂ ನಗಲು ಹೋದರು, ಆಗಲಿಲ್ಲ.

ಆಮೇಲೆ ಅವಳು ದೇವರ ಮೊರೆ ಹೋದಳು. ಉಚ್ಚಂಗಿ ಗುಡ್ಡದ ಮೆಟ್ಟಿಲು ಹತ್ತಿ, "ತಾಯಿ, ಆ ಚಾಕು ಮುರೀಲಿ. ನಿನಗೆ ಹಸಿರು ಸೀರೆ ಉಡಿಸ್ತೀನಿ," ಎಂದು ಹರಕೆ ಹೊತ್ತಳು. ಅರ್ಧ ಗುಡ್ಡ ಇಳಿದವಳು ಗಕ್ಕನೆ ನಿಂತಳು. ಅಲಗು ಮುರಿದು ಹುಡುಗನ ಕೈಗೆ ಬಡಿದರೆ? ಏದುಸಿರು ಬಿಡುತ್ತ ಮತ್ತೆ ಹತ್ತಿದಳು. "ಅಲಗು ಬ್ಯಾಡ ತಾಯಿ. ಬರೇ ಸ್ಪ್ರಿಂಗು ಹೋಗ್ಲಿ. ಅವನ ಕೈಗೆ ಒಂದು ಗೀರೂ ಆಗಬಾರ್ದು," ಎಂದು ತಿದ್ದಿ ಹೇಳಿ ಬಂದಳು. ಆಯುಧ ಪೂಜೆಯ ದಿನ ಊರವರೆಲ್ಲ ತಕ್ಕಡಿಗೆ, ಸೈಕಲ್ಲಿಗೆ, ನೇಗಿಲಿಗೆ ಕುಂಕುಮ ಇಡುತ್ತಿದ್ದರೆ ಇವಳು ಆ ಅರ್ಧ ಕಾರ್ಡಿಗೆ ಇಡುತ್ತಿದ್ದಳು. ವರ್ಷ ವರ್ಷಕ್ಕೂ ಬೊಟ್ಟು ಬಿದ್ದು ಬಿದ್ದು ಕಾರ್ಡಿನ ಅಕ್ಷರಗಳು ಅಳಿಸಿಹೋದವು. ನಂಬರು ಹೇಗೂ ಅವಳಿಗೆ ಬಾಯಿಪಾಠವಾಗಿತ್ತು.

ಅರವತ್ತನೇ ಇಸವಿಯ ಹೊತ್ತಿಗೆ ಅವಳಿಗೆ ಮಂಡಿನೋವು ಬಂತು. ಹರಿಹರಕ್ಕೆ ಹೋಗುವುದನ್ನು ಬಿಟ್ಟಳು.

ಅರವತ್ತೆರಡರ ಫೆಬ್ರವರಿಯಲ್ಲಿ ಅಂಚೆಯವನು ಜಿನ್ನಿಗೇ ಬಂದು ಒಂದು ಪುಟ್ಟ ಪಾರ್ಸಲು ಕೊಟ್ಟ. ಮೇಲೆ ನವಿಲಿನ ಗುರುತು. ಯಲ್ಲಕ್ಕ ಅರಳೆಯ ರಾಶಿಯ ನಡುವೆ ಕೂತು ದಾರ ಬಿಚ್ಚಿದಳು. ಕರೀ ಕೊಂಬಿನ ಹಿಡಿ ಅಂಗೈ ಬೆವರಿಗೆ ನಯವಾಗಿತ್ತು. ಮಸೆದು ಮಸೆದು ಅಲಗು ಅರ್ಧಕ್ಕರ್ಧ ಸವೆದಿತ್ತು. ಬಿಚ್ಚಿದಳು, ಟಕ್ ಅಂತು. ಸುತ್ತಲಿನ ಹೆಂಗಸರು ಮೊದಲ ಸಲ ಅವಳು ಅಳುವುದನ್ನು ಕಂಡರು.

ತಲೆ ಮೇಲೆ ಅರಳೆ ಅಂಟಿಸಿಕೊಂಡೇ, ಮಂಡಿನೋವನ್ನೂ ಮರೆತು ಮಂಡಿಪೇಟೆಗೆ ಓಡಿದಳು. ಹಾಲೇಶಪ್ಪ ಕನ್ನಡಕ ಹಾಕಿಕೊಂಡು ಕಾಗದ ಓದಿದ. ಚಾಕು ಬಂತು, ಸ್ಪ್ರಿಂಗು ಮಾತ್ರ ಹೋಗಿತ್ತು, ಹೊಸದು ಹಾಕಿದ್ದೇವೆ. ಕಳಿಸಿದವರ ವಿಳಾಸ ತಿಳಿಸಲು ಕಂಪನಿಯ ಕಾನೂನು ಬಿಡುವುದಿಲ್ಲ. ಆದರೆ ರಿಪೇರಿಯಾದ ಚಾಕು ಗ್ಯಾರಂಟಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರಿಗೇ ಹೋಗಬೇಕು ಎಂಬುದೂ ಕಂಪನಿಯ ಕಾನೂನೇ. ಆದ್ದರಿಂದ ನಿಮಗೇ ಕಳಿಸಿದ್ದೇವೆ. ಚಾಕು ಬೇಕಿದ್ದರೆ ಆನೆಕೊಂಡದ ಯಲ್ಲಕ್ಕನವರ ಮನೆಗೆ ಹೋಗಿ ತೆಗೆದುಕೊಳ್ಳಿ ಎಂದು ಕಳಿಸಿದವರಿಗೂ ಇವತ್ತೇ ಬರೆದಿದ್ದೇನೆ.

"ಎಲಾ ಸಾಠೆ!" ಎಂದು ಹಾಲೇಶಪ್ಪ ತೊಡೆ ತಟ್ಟಿದ. "ಕಾನೂನು ಮುರೀಲಿಲ್ಲ, ಕೆಲಸ ಬಿಡಲಿಲ್ಲ ನೋಡು ಪುಣ್ಯಾತ್ಮ!"

ಯಲ್ಲಕ್ಕನಿಗೆ ಹೆದರಿಕೆ ಹತ್ತಿತು. "ಚಾಕು ಹೋದ್ರೆ ಹೋಗ್ಲಿ ಅಂತ ಅವನು ಬರದಿದ್ರೆ?"

ಹಾಲೇಶಪ್ಪ ಕನ್ನಡಕ ತೆಗೆದ. ಕಾಗದ ಮಡಚಿ ಅವಳ ಕೈಗಿಟ್ಟ.

ಯಲ್ಲಕ್ಕ ಜನ್ಮದಲ್ಲಿ ಮೊದಲ ಸಲ ಉದ್ದ ರಜೆ ಹಾಕಿ ಮನೆಯಲ್ಲಿ ಕೂತಳು. ಮಂಡಕ್ಕಿ ತಂದಿಟ್ಟಳು, ಅದು ಮೆತ್ತಗಾಯಿತು, ಮತ್ತೆ ತಂದಳು. ಬಾಗಿಲ ಮುಂದೆ ಸೈಕಲ್ ಗಂಟೆ ಕೇಳಿದರೆ ಎದ್ದಳು, ನಾಯಿ ಬೊಗಳಿದರೆ ಎದ್ದಳು. ಪಕ್ಕದ ಮನೆಯ ಮೈಲಮ್ಮ, "ಕುಂದ್ರು ಯಲ್ಲಕ್ಕ, ಬರೋನಾದ್ರೆ ಬರ್ತಾನೆ," ಎಂದರೆ ಅವಳ ಮೇಲೇ ಹರಿಹಾಯ್ದಳು. ಹದಿನೆಂಟು ದಿನ ಹೀಗೇ ಕಳೆದವು. ಹನ್ನೊಂದು ವರ್ಷ ಕಾದದ್ದು ಸುಲಭವಾಗಿತ್ತು ಅನ್ನಿಸಿಬಿಟ್ಟಿತು ಅವಳಿಗೆ.

ಹತ್ತೊಂಬತ್ತನೇ ದಿನ ಭಾನುವಾರ. ಇಳಿಹೊತ್ತಿನಲ್ಲಿ ಬಾಗಿಲ ಹೊರಗೆ ಒಬ್ಬ ಗಂಡಸು ನಿಂತಿದ್ದ. ಖಾಕಿ ಪ್ಯಾಂಟು, ಕಿವಿಯ ಹತ್ತಿರ ನಾಲ್ಕು ಬಿಳಿಕೂದಲು. ಕಾಲಿನ ಚಪ್ಪಲಿ ಬಿಟ್ಟಿರಲಿಲ್ಲ.

"ಚಾಕು ಇಲ್ಲಿಗೆ ಬಂದೈತಂತ್ರಿ. ಕೊಟ್ರೆ ಹೋಗ್ತೀನ್ರಿ," ಅಂದ.

ತಾನೇ ಎತ್ತಿ ಆಡಿಸಿದ ಹುಡುಗ ತನಗೆ 'ರಿ' ಹಚ್ಚಿದ್ದು ಯಲ್ಲಕ್ಕನ ಕರುಳಿಗೆ ಚುಚ್ಚಿತು. ಆದರೂ ಬೈಯಲಿಲ್ಲ. ಬೈದರೆ ಹೋಗಿಬಿಡುತ್ತಾನೆ. "ಎಲ್ಲಿಂದ ಬಂದೆಪ್ಪ?" ಎಂದಷ್ಟೇ ಕೇಳಿದಳು.

"ಹರಿಹರದಿಂದ. ಹೊಳೆ ದಂಡಿ ಕಾರ್ಖಾನಿಯಾಗೆ ಕೆಲಸ ಮಾಡ್ತೀನಿ. ಪುಣೆದಾಗಿದ್ದೆ, ಈ ಕಡೆ ಬಂದು ಎರಡು ವರ್ಷಾತು."

ಹರಿಹರ! ಒಂಬತ್ತು ಮೈಲಿ. ಅವಳು ಸೇತುವೆಗೆ ಹೋಗುವುದನ್ನು ಬಿಟ್ಟ ವರ್ಷವೇ ಅವನು ಅಲ್ಲಿಗೆ ಬಂದಿದ್ದ. ಯಲ್ಲಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಒಂಬತ್ತು ಮೈಲಿ ಬರಾಕೆ ಎರಡು ವರ್ಷ ಬೇಕಾತೇನೋ ನಿನಗೆ?"

"ಹೆಂಗೆ ಬರ್ಲಿ?" ಅವನ ದನಿ ಒಡೆಯಿತು. "ಹೊಡೆದಿದ್ದಕ್ಕಲ್ಲ. ಹೊಡೀಲಿ, ನೀನಲ್ದೆ ಇನ್ಯಾರು ಹೊಡೀತಾರೆ? ಕೈಗೆ ಕೊಟ್ಟೆ ನೀನು. ಕಡಕೊಂಡೆ ಅಂತ ನೀನೇ ಹೇಳಿದ ಮ್ಯಾಲೆ, ಯಾವ ಮುಖ ಹೊತ್ಕಂಡು ಬರ್ಲಿ?"

ಯಲ್ಲಕ್ಕ ಚೌಕಟ್ಟು ಬಿಟ್ಟಳು. ಒಳಗೆ ಹೋಗಿ ದೇವರ ಗೂಡಿನಿಂದ ಚಾಕು ತೆಗೆದಳು. ಜೊತೆಗೆ ಆ ಅರ್ಧ ಕಾರ್ಡನ್ನೂ, ಸಾಠೆಯ ಹತ್ತು ಕಾಗದಗಳ ಕಟ್ಟನ್ನೂ ತೆಗೆದಳು. ಬಾಗಿಲಿಗೆ ತರಲಿಲ್ಲ. ನಡುಮನೆಯಲ್ಲಿ, ಅವನು ಈರುಳ್ಳಿ ಹೆಚ್ಚಲು ಕೂರುತ್ತಿದ್ದ ಜಾಗದಲ್ಲಿ, ಮೂರನ್ನೂ ನೆಲಕ್ಕಿಟ್ಟು ಹಿಂದೆ ಸರಿದು ನಿಂತಳು.

"ಅವತ್ತು ನನಗೆ ಸಿಟ್ಟು ಕಣೋ. ಸಿಟ್ಟಿನಾಗೆ ಕೈ ಮರೀತು, ನಾನು ನಿನ್ನ ಮರೀಲಿಲ್ಲ. ಇವತ್ತು ನೆಲಕ್ಕಿಟ್ಟೀನಿ. ತಗಂಡು ಹೋಗೋದಾದ್ರೆ ಹೋಗು."

ಬೊಮ್ಮಣ್ಣ ನೆಲದ ಮೇಲಿನ ಚಾಕನ್ನು ನೋಡಿದ. ಆಮೇಲೆ ಚಪ್ಪಲಿ ಬಿಟ್ಟ. ಒಳಗೆ ಬಂದು ಬಗ್ಗಿದವನು ಚಾಕು ಮುಟ್ಟಲಿಲ್ಲ, ಕಾರ್ಡು ಎತ್ತಿಕೊಂಡ. ಕುಂಕುಮದ ಬೊಟ್ಟಿನ ಮೇಲೆ ಬೊಟ್ಟು ಕೂತು ಅದು ಹೆಪ್ಪುಗಟ್ಟಿತ್ತು. ಹೆಬ್ಬೆರಳಿಂದ ಸವರಿದ, ಬೆರಳು ಕೆಂಪಾಯಿತು.

"ಹೊಸ ಚಾಕು ಹರಿಹರದಾಗೂ ಸಿಗ್ತಿತ್ತಲ್ಲೋ," ಎಂದಳು ಯಲ್ಲಕ್ಕ ಮೆಲ್ಲಗೆ. "ಸಂಬಳ ಬರೋನು ನೀನು. ಈ ಸವೆದ ಅಲಗಿಗೆ ಯಾಕ ಬಂದೆ?"

ಅವನು ಕಾರ್ಡನ್ನು ಮೆಲ್ಲಗೆ ಕೆಳಗಿಟ್ಟ. ಅಲ್ಲೇ, ಚಾಕಿನ ಮುಂದೆ, ಚಕ್ಕಂಬಕ್ಕಲು ಹಾಕಿ ಕೂತ. ಮುಂಗೈಯಿಂದ ಮೂಗು ಒರೆಸಿಕೊಂಡ.

"ಅಕ್ಕ, ಈರುಳ್ಳಿ ಎಲ್ಲೈತೆ?"

ಅವಳು ಬುಟ್ಟಿಯನ್ನೇ ಅವನ ಮುಂದಿಟ್ಟಳು. ಒಂದು ಸಾಕಿತ್ತು, ಅವನು ನಾಲ್ಕು ಹೆಚ್ಚಿದ. ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು. ಹಾಳು ಈರುಳ್ಳಿ ಎಂದು ಇಬ್ಬರೂ ಅದನ್ನೇ ಬೈದರು. ಹೆಚ್ಚಿ ಮುಗಿಸಿ ಬೊಮ್ಮಣ್ಣ ಚಾಕನ್ನು ಪ್ಯಾಂಟಿಗೆ ಒರೆಸಿ, ಇಬ್ಬರ ನಡುವೆ ನೆಲಕ್ಕಿಟ್ಟ. ಅವನ ಕೈ ಪೂರ್ತಿ ದೂರ ಸರಿಯುವ ತನಕ ಯಲ್ಲಕ್ಕ ಕಾದಳು. ಆಮೇಲೆ ಚಾಕು ಎತ್ತಿಕೊಂಡು ನಿಂಬೆಹಣ್ಣು ಹೋಳು ಮಾಡಿದಳು.