ಉಪ್ಪುನೀರಿನ ಹುಳುಗಳು

ಡಾಕ್ಟರ್ ರಬಾಬ್ ಪೆಟ್ಟಿಗೆಯ ಮುಚ್ಚಳ ತೆಗೆದಳು. ಬದುಕಿರಬೇಕಾದ ಹುಳುಗಳೇ ಸತ್ತು ಬಿದ್ದಿದ್ದವು.

ಅಲೆಕ್ಸಾಂಡ್ರಿಯಾದ ಆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಲಿ ಸಾಕುವಷ್ಟು ಜಾಗವಿಲ್ಲ, ಅನುಮತಿ ಕೊಡುವ ಪುಣ್ಯಾತ್ಮರೂ ಇಲ್ಲ. ಹಾಗಾಗಿ ರಬಾಬ್ ಜೇನುಗೂಡಿನ ಮೇಣ ತಿನ್ನುವ ಪತಂಗದ ಮರಿಹುಳುಗಳನ್ನು ನೆಚ್ಚಿಕೊಂಡಿದ್ದಳು. ತಾನು ಕಾಲಲ್ಲಿ ಹೊಸಕುವ ಪೀಡೆಯನ್ನು ಈಕೆ ಡಬ್ಬಿಯಲ್ಲಿ ಜೋಪಾನವಾಗಿ ಒಯ್ಯುವುದನ್ನು ಕಂಡು ರಶೀದ್ ಎಂಬ ಊರಿನ ಜೇನು ಸಾಕುವವನು ಹೊಟ್ಟೆ ಹಿಡಿದು ನಕ್ಕಿದ್ದ. ನಗಲಿ ಬಿಡಿ. ಆ ಹುಳು ಮನುಷ್ಯನ ಮೈಬಿಸಿಯಲ್ಲೂ ಬದುಕುತ್ತದೆ, ಸೋಂಕಿಗೆ ಸೋತರೆ ಬೆಣ್ಣೆಯ ಬಣ್ಣ ಹೋಗಿ ಕಪ್ಪಗಾಗಿ ಸಾಯುತ್ತದೆ. ಯಾವ ಬ್ಯಾಕ್ಟೀರಿಯ ಎಷ್ಟು ಕ್ರೂರಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಅಷ್ಟು ಸಾಕು.

ಕೆಳಗಿನ ಹೆಂಗಸರ ವಾರ್ಡಿನಲ್ಲಿ ಒಬ್ಬರಾದ ಮೇಲೊಬ್ಬರಿಗೆ ಜ್ವರ ಏರುತ್ತಿತ್ತು. ಪಿತ್ತಕೋಶದ ಆಪರೇಷನ್ ಆಗಿ ಅಲ್ಲೇ ಮಲಗಿದ್ದ ರಬಾಬ್‌ಳ ತಾಯಿ, ಹಾಜ್ಜಾ ಬಹೀಗಾಳನ್ನೂ ಅದು ಬಿಟ್ಟಿರಲಿಲ್ಲ. ಆ ರೋಗಿಗಳ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯವನ್ನು ರಬಾಬ್ ನಿನ್ನೆ ಒಂದು ಗುಂಪಿನ ಹುಳುಗಳಿಗೆ ಚುಚ್ಚಿದ್ದಳು. ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಬರಿಯ ಉಪ್ಪುನೀರು (ಸಲೈನ್), ಮತ್ತೊಂದಕ್ಕೆ ಬರಿಸೂಜಿ. ಈಗ ನೋಡಿದರೆ ಉಪ್ಪುನೀರಿನವೂ ಇದ್ದಿಲಿನಂತಾಗಿದ್ದವು.

"ಏನು ಕೈಗುಣಾನಮ್ಮಾ ನಿಂದು!" ಎಂದು ಹಿರಿಯ ಸಹೋದ್ಯೋಗಿ ಡಾಕ್ಟರ್ ಶೌಕಿ ಚಹಾದ ಲೋಟ ಹಿಡಿದೇ ಇಣುಕಿದರು. "ನಮ್ಮನೆ ಹಳೇ ಚೀಸ್ ಜಾಡೀಲಿರೋ ಹುಳ ತಂದ್ಕೊಡ್ತೀನಿ ತಗೋ. ಅವು ನನ್ನ ಹೊಟ್ಟೇಲೇ ಬದುಕ್ಕೊಂಡಿವೆ, ನಿನ್ನ ಸೂಜಿ ಯಾವ ಲೆಕ್ಕ!"

"ತಮಾಷೆ ಸಾಕು ಸರ್. ಬರಿಸೂಜಿ ಚುಚ್ಚಿದ ಹುಳ ಹೇಗೆ ಹರಿದಾಡ್ತಿವೆ ನೋಡಿ. ತಪ್ಪು ನನ್ನ ಕೈದಲ್ಲ, ಸೂಜಿದೂ ಅಲ್ಲ."

"ಹಾಗಾದ್ರೆ ತಪ್ಪು ನೀರಿಂದು. ಎಲ್ಲಿಂದ ತಂದೆ?"

"ನಮ್ದು ಮುಗಿದಿತ್ತು. ಕೆಳಗೆ ಸಿಸ್ಟರ್ ಅವಾತಿಫ್ ಹತ್ರ ಕೇಳಿದೆ. ಪಾಪ, ರೋಗಿಗಳಿಗೆ ಕೊಡೋ, ತಳ್ಳುಗಾಡಿ ಮೇಲಿದ್ದ ಬಾಟ್ಲಿಂದಾನೇ..."

ಶೌಕಿ ಲೋಟ ಕೆಳಗಿಟ್ಟು, ಉಳಿದಿದ್ದ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು.

"ಯಾ ರಬ್, ದೇವರೇ! ಇದು ನೀರಲ್ಲ ಕಣೇ, ಬ್ಯಾಕ್ಟೀರಿಯಗಳ ಸಂತೆ! ಓಡು!"

ರಬಾಬ್ ಬಿದ್ದೂ ಎದ್ದೂ ಮೆಟ್ಟಿಲಿಳಿದಳು. ಜ್ವರದ ಮೂಲ ಹುಡುಕಲು ಗೋಡೆ, ಹಾಸಿಗೆ, ನೆಂಟರು ತಂದ ಊಟ ಎಲ್ಲವನ್ನೂ ಜಾಲಾಡಿದ್ದರು, ಆ ಬಾಟಲಿಯತ್ತ ಒಬ್ಬರೂ ತಿರುಗಿ ನೋಡಿರಲಿಲ್ಲ. ಯಾರ ಮೇಲೆ ಕೂಗಾಡಬೇಕೆಂದೂ ಅವಳಿಗೆ ತೋಚಲಿಲ್ಲ.

ಬಾಟಲಿ ತಳ್ಳುಗಾಡಿಯ ಮೇಲೇ ಇತ್ತು. ಪದೇಪದೇ ಎಳೆದುಕೊಳ್ಳಲು ಸುಲಭವಾಗಲೆಂದು ಅದರ ಬಾಯಿಗೆ ಸೂಜಿಯೊಂದನ್ನು ಚುಚ್ಚಿ ಹಾಗೆಯೇ ಬಿಟ್ಟಿದ್ದರು; ಕ್ರಿಮಿಗಳಿಗೆ ಅದೇ ಬಾಗಿಲು. ಅವಾತಿಫ್ ಹಾಜ್ಜಾ ಬಹೀಗಾಳ ಕೈಗೆ ಚುಚ್ಚಿದ್ದ ನಳಿಗೆಯ ಮೇಲೆ ಬಗ್ಗಿದ್ದಳು.

"ನಿಲ್ಲಿಸು!"

ಅವಾತಿಫ್ ಬೆಚ್ಚಿ ತಿರುಗಿದಳು. "ಯಾಕ್ ಡಾಕ್ಟ್ರಮ್ಮಾ? ಚೆನ್ನಾಗಿ ನೋಡ್ಕೋ ಅಂತ ನೀವೇ ಹೇಳಿದ್ರಲ್ಲ? ನಳಿಗೆ ಕಟ್ಕೋಬಾರ್ದು ಅಂತ ಉಳಿದೋರಿಗೆ ಬೆಳಿಗ್ಗೆ ಸಂಜೆ ಮಾತ್ರ ಉಪ್ಪುನೀರು ಬಿಡ್ತೀನಿ. ನಿಮ್ಮಮ್ಮಂಗೆ ಈ ಕಡೆ ಬಂದಾಗೆಲ್ಲಾ ಬಿಡ್ತಾ ಇದೀನಿ."

"ಅವಳನ್ನ ಬೈಬೇಡ್ವೇ," ಎಂದಳು ಹಾಜ್ಜಾ ಬಹೀಗಾ, ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ನಗುತ್ತ. "ಹೆತ್ತ ಮಗಳಿಗಿಂತ ಹೆಚ್ಚು ನೋಡ್ಕೋತಾಳೆ."

ರಬಾಬ್ ನಳಿಗೆಯನ್ನು ಕಿತ್ತೆಳೆದಳು. ಅವಾತಿಫ್‌ಳ ಕೈಯಲ್ಲಿದ್ದ ಸಿರಿಂಜ್ ಆಗಲೇ ಖಾಲಿಯಾಗಿತ್ತು.