ಚರ್ಚಿನ ಅಂಗಳದ ಶೀಶೆ

ನ್ಯಾಚೆಜ್ ಊರಿನ ವೈನ್ ಹಬ್ಬಕ್ಕೆ ನಾನು ತಲುಪಿದಾಗ ಆಕಾಶ ಕಪ್ಪಿಟ್ಟಿತ್ತು. ಮಳೆ ಸುರಿದರೆ ಜನ ಚದುರಿ, ಮಕ್ಕಳ ಆಸ್ಪತ್ರೆಗೆ ದಾನ ಕೂಡುತ್ತಿರಲಿಲ್ಲ. ಮಳೆ ದೂರವಿರಲೆಂದು ವರ್ಡೆಲ್ ಚಿಕ್ಕಮ್ಮ ಆ ಕಡೆಯ ರೂಢಿಯಂತೆ, ಹಬ್ಬ ನಡೆಯುವ ಚರ್ಚಿನ ಅಂಗಳದಲ್ಲಿ ವಿಸ್ಕಿ ಶೀಶೆ ಹೂತಿದ್ದಳು.

“ತಲೆಕೆಳಗಾಗೇ ಹೂತ್ಯಲ್ವಾ ಚಿಕ್ಕಮ್ಮ? ಹಾಗಿದ್ರೇನೇ ಮಳೆ ಬರಲ್ಲ,” ಎಂದೆ.

“ಅಯ್ಯೋ, ನೆಟ್ಟಗೆ ಇಟ್ಬಿಟ್ಟೆ ಕಣೇ! ಕುಡಿಯದ ಮನೇವ್ಳಿಗೆ ಅದೆಲ್ಲ ಏನ್ ಗೊತ್ತು?”

ಹೆಂಡವನ್ನೆಂದೂ ಮುಟ್ಟದ, ಆ ಚರ್ಚಿನ ಹೋಸೆಯಾ ಪಾದ್ರಿಗಳು ನಗುತ್ತಾ ಗುದ್ದಲಿ ಹಿಡಿದರು. ಶೀಶೆಯನ್ನು ಅಗೆದು ತಿರುಗಿಸುವಷ್ಟರಲ್ಲಿ ಅವರ ಬೋಳುತಲೆಯ ಮೇಲೆ ಮೊದಲ ಹನಿ ಬಿತ್ತು. ಅವರು ಚರ್ಚಿನ ಬಾಗಿಲು ತೆರೆದರು.

“ಚರ್ಚೊಳಗೆ ವೈನಾ, ಪಾದ್ರಿಗಳೇ?” ಚಿಕ್ಕಮ್ಮ ಬೆಚ್ಚಿದಳು.

“ಕಾನಾ ಊರಿನ ಮದುವೇಲಿ ನಮ್ಮ ಸ್ವಾಮಿನೇ ನೀರನ್ನ ದ್ರಾಕ್ಷಾರಸ ಮಾಡಿದ್ರಲ್ಲಮ್ಮ. ಬನ್ನಿ, ಎಲ್ರೂ ಒಳಗೆ ಬನ್ನಿ!”

ಆ ಸಂಜೆ ಕಾಣಿಕೆ ತಟ್ಟೆಗಳು ಸಾಲದೆ ಪಾದ್ರಿಗಳ ಟೋಪಿಯೂ ತುಂಬಿತು.